ಆಯಿಗೆ ಗಂಟು ಉರಿಯೂತ, ಡಾಕ್ಟರು ಇರೋದು ಹುಬ್ಬಳ್ಳಿಯಲ್ಲಿ. ಊರಿನ ಸಿಸ್ಟರ್ ಹತ್ರ ಏನೆಲ್ಲ ಕೇಳಬಹುದು?

ಶಿರಸಿ ತೋಟದವ:

ನಮಸ್ಕಾರ. ನಮ್ಮದು ಶಿರಸಿಯಿಂದ ಒಳಗೆ, ಬಸ್ಸಿಳಿದ ಮೇಲೂ ಎರಡು ಕಿಲೋಮೀಟರ್ ನಡೆಯಬೇಕಾದ ಊರು. ಆಯಿಗೆ 58 ವರ್ಷ. ಹೋದ ವರ್ಷ ಅಡಿಕೆ ಸುಲಿಯೋ ಹೊತ್ತಿಗೆ ಕೈಬೆರಳ ಗಂಟು ಊದಿಕೊಂಡವು. ಕೆಲಸ ಜಾಸ್ತಿಯಾಯ್ತು, ಅದಕ್ಕೇ ಇರಬೇಕು ಅಂತ ನಾವೂ ಸುಮ್ನಿದ್ದೆವು. ಕೊಯ್ಲು ಮುಗಿದರೂ ಊತ ಇಳಿಯಲಿಲ್ಲ. ಬೆಳಿಗ್ಗೆ ಎದ್ದು ಎರಡು ತಾಸು ಮುಷ್ಟಿ ಕಟ್ಟೋಕೇ ಆಗುತ್ತಿರಲಿಲ್ಲ, ಚಾ ಲೋಟವನ್ನು ಎರಡೂ ಅಂಗೈ ನಡುವೆ ಒತ್ತಿ ಹಿಡಿದು ಕುಡಿಯುತ್ತಿದ್ದಳು. ಕಡೆಗೆ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ರುಮಟಾಯ್ಡ್ ಆರ್ಥ್ರೈಟಿಸ್ ಅಂದರು, ಮೆಥೊಟ್ರೆಕ್ಸೇಟ್ ಗುಳಿಗೆ ಬರೆದುಕೊಟ್ಟರು.

ಅದು ವಾರಕ್ಕೆ ಒಂದೇ ದಿನ ತಗೊಳ್ಳೋ ಗುಳಿಗೆ. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತಂತೆ, ನಮಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆಯಿ ಬಿಪಿ ಗುಳಿಗೆ ಜೊತೆ ಸೇರಿಸಿ ಐದು ದಿನ ದಿನಾ ನುಂಗಿದಳು. ಬಾಯಿ ತುಂಬ ಹುಣ್ಣು, ಗಂಜಿ ನೀರೂ ಇಳಿಯದು. ಹುಳಿ ತಿಂದದ್ದು ಜಾಸ್ತಿಯಾಯ್ತೇನೋ ಅಂದುಕೊಂಡೆವು. ಅವತ್ತು ಉಪಕೇಂದ್ರದ ಸಿಸ್ಟರ್ ಬಿಪಿ ನೋಡಲು ಮನೆಗೆ ಬಂದವರು ಬಾಯಿ ತೆರೆಸಿ ನೋಡಿದರು, ಗುಳಿಗೆ ಡಬ್ಬಿ ತರಿಸಿದರು, ಹಾಳೆಯಲ್ಲಿ ಎಷ್ಟು ಖಾಲಿಯಾಗಿದೆ ಅಂತ ಬೆರಳಿಟ್ಟು ಎಣಿಸಿದರು. "ಇದನ್ನ ಇನ್ನು ಮುಟ್ಟಬೇಡಿ, ಈಗಲೇ ದೊಡ್ಡ ಆಸ್ಪತ್ರೆಗೆ ಹೊರಡಿ" ಅಂದರು. ರಕ್ತದ ಕಣಗಳು ಇಳಿದಿದ್ದವು. ಆರು ದಿನ ಅಡ್ಮಿಟ್ ಇದ್ದು ಹುಷಾರಾಗಿ ಬಂದಳು. ಆ ಸಿಸ್ಟರ್ ಅವತ್ತು ಬರದಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಕೈಕಾಲು ನಡುಗುತ್ತವೆ.

ಈಗ ಡಾಕ್ಟರು ಅದೇ ಗುಳಿಗೆಯನ್ನು ಕಡಿಮೆ ಪ್ರಮಾಣದಲ್ಲಿ, ವಾರಕ್ಕೊಮ್ಮೆ ಮತ್ತೆ ಶುರು ಮಾಡಿದ್ದಾರೆ. ಮುಂದಿನ ಸಲ ಹುಬ್ಬಳ್ಳಿಗೆ ಹೋಗೋದು ಮೂರು ತಿಂಗಳ ಮೇಲೆ. ನಡುವೆ ಏನಾದರೂ ಅನುಮಾನ ಬಂದರೆ ನರ್ಸ್ ಹತ್ರ ಕೇಳಬಹುದಾ? ಏನು ಕೇಳಬಹುದು, ಏನು ಕೇಳಬಾರದು? ಆಯಿ "ಅವರಿಗೆ ನೂರೆಂಟು ಕೆಲಸ, ಸುಮ್ನೆ ಯಾಕೆ ತೊಂದರೆ ಕೊಡೋದು" ಅಂತಾಳೆ.

ಕಾರವಾರ ಸಿಸ್ಟರ್:

ತಮ್ಮಾ, ಮೊದಲು ಆಯಿಗೆ ಹೇಳು, ಇದು ತೊಂದರೆ ಅಲ್ಲ, ನಮ್ಮ ಕೆಲಸವೇ ಇದು. ನಾನು 19 ವರ್ಷದಿಂದ ನರ್ಸ್, ಅದರಲ್ಲಿ ಏಳು ವರ್ಷ ಬೇರೆ ಜಿಲ್ಲೆಯಲ್ಲಿ ಗಂಟುರೋಗದ ಓಪಿಡಿಯಲ್ಲಿದ್ದೆ. ನಿಮ್ಮ ಮನೆಯಲ್ಲಿ ಆದದ್ದು ಹೊಸದಲ್ಲ. ದಿನಾ ತಿನ್ನೋ ಗುಳಿಗೆಗಳ ನಡುವೆ ವಾರದ ಗುಳಿಗೆ ಒಂದು ಬಂದರೆ ಯಾರಿಗಾದರೂ ತಪ್ಪುತ್ತದೆ, ಓದಿದವರಿಗೂ ತಪ್ಪುತ್ತದೆ. ಅದಕ್ಕೇ ನಾನು ಚೀಟಿ ಕೈಗೆ ಕೊಟ್ಟು ಕಳಿಸೋದಿಲ್ಲ. "ಯಾವ ದಿನ ತಗೊಳ್ತೀರಿ, ನೀವೇ ಹೇಳಿ" ಅಂತ ಅವರ ಬಾಯಿಂದಲೇ ಹೇಳಿಸುತ್ತೇನೆ. ಕಾರವಾರದಲ್ಲಿ ಭಾನುವಾರ ಸಂತೆ ಅಲ್ವಾ, ನನ್ನ ಹತ್ರ ಬರುವ ಎಷ್ಟೋ ಹೆಂಗಸರಿಗೆ ಅದು "ಸಂತೆ ಗುಳಿಗೆ" ಅಂತಲೇ ಹೆಸರಾಗಿಬಿಟ್ಟಿದೆ. ಇದರ ಅಡ್ಡಪರಿಣಾಮ ಕಡಿಮೆಯಾಗಲಿ ಅಂತ ಕೊಡುವ ಫೋಲಿಕ್ ಆಸಿಡ್ ಗುಳಿಗೆ ಬೇರೆ ದಿನ, ಡಾಕ್ಟರು ಹೇಳಿದಂತೆ. ಎರಡೂ ಹಳದಿ ಗುಳಿಗೆಯಾಗಿದ್ದರೆ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿಡಿ. ಅಂಗಡಿಯವರು ಬೇರೆ ಕಂಪನಿಯದು ಕೊಟ್ಟರೆ ಮಿಲಿಗ್ರಾಂ ನೋಡಿಸಿಕೊಳ್ಳಿ, ಯಾಕಂದರೆ 2.5ರದ್ದೂ ಬರುತ್ತದೆ, 10ರದ್ದೂ ಬರುತ್ತದೆ.

ಇನ್ನು ಕೇಳಬೇಕಾದ್ದು. ರಕ್ತಪರೀಕ್ಷೆ ಯಾವಾಗ ಅಂತ ಕೇಳಿ. ರಕ್ತದ ಕಣ, ಲಿವರ್, ಕಿಡ್ನಿ, ಈ ಮೂರೂ ನೋಡಬೇಕು. ಶುರುವಿನಲ್ಲಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಎಲ್ಲ ಸರಿಯಿದೆ ಅಂತಾದ ಮೇಲೆ ಎರಡು ಮೂರು ತಿಂಗಳಿಗೊಮ್ಮೆ. ನಿಮ್ಮ ಆಯಿಗೆ ಒಮ್ಮೆ ಹೀಗಾಗಿದೆ, ಮತ್ತೆ ಶುರು ಮಾಡಿದ್ದಾರೆ, ಹಾಗಾಗಿ ಡಾಕ್ಟರು ಯಾವ ದಿನ ಹೇಳಿದ್ದಾರೋ ಆ ದಿನ ತಪ್ಪಿಸಬೇಡಿ. ಪರೀಕ್ಷೆ ಶಿರಸಿಯಲ್ಲೇ ಆಗುತ್ತದೆ, ಹುಬ್ಬಳ್ಳಿ ತನಕ ಹೋಗಬೇಕಾಗಿಲ್ಲ. ರಿಪೋರ್ಟ್ ಡಾಕ್ಟರಿಗೆ ತಲುಪಿತಾ ಅಂತ ವಿಚಾರಿಸೋ ಕೆಲಸ ನರ್ಸ್ ಮಾಡಬಹುದು.

ಜ್ವರ, ಬಿಡದ ಕೆಮ್ಮು, ಬಾಯಿಹುಣ್ಣು, ಉಸಿರು ಕಟ್ಟುವುದು, ಸುಮ್ಮಸುಮ್ಮನೆ ಮೈಯಲ್ಲಿ ನೀಲಿ ಕಲೆ, ಇವು ಬಂದರೆ ಆ ವಾರದ ಗುಳಿಗೆ ತಗೊಳ್ಳುವ ಮೊದಲೇ ಫೋನ್ ಮಾಡಿ. ನಿಮ್ಮದು ಕಾಡಿನ ಬದಿ. ಸಿದ್ದಾಪುರ ಕಡೆ ಮಂಗನ ಕಾಯಿಲೆ ಬರುತ್ತದೆ, ಮಳೆಗಾಲದಲ್ಲಿ ಇಲಿ ಜ್ವರ ಬೇರೆ. ಈ ಗುಳಿಗೆ ತಿನ್ನುವವರು ಜ್ವರ ಬಂದರೆ "ನಾಳೆ ನೋಡೋಣ" ಅಂತ ಕೂರಬಾರದು. ಬೇರೆ ಡಾಕ್ಟರ ಹತ್ರ ಹೋದಾಗಲೂ ಮೆಥೊಟ್ರೆಕ್ಸೇಟ್ ತಗೊಳ್ತೇನೆ ಅಂತ ಮೊದಲೇ ಹೇಳಬೇಕು. ಉರಿಮೂತ್ರಕ್ಕೆ ಕೊಡುವ ಕೋ-ಟ್ರೈಮೊಕ್ಸಜೋಲ್ ಇದರ ಜೊತೆ ಸೇರಿದರೆ ಜೀವಕ್ಕೇ ಅಪಾಯ. ನಾಟಿ ಔಷಧಿ, ಕಷಾಯ ಕುಡಿಯುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. ನಾವು ಬೈಯೋದಿಲ್ಲ.

ಮಾಬ್ಲ 62:

ಸಿಸ್ಟರ್ ಬಗ್ಗೆ ಗೌರವ ಇದೆ, ಆದರೆ ಒಂದು ಮಾತು ಹೇಳಲೇಬೇಕು. ಇಷ್ಟು ಗಟ್ಟಿ ಔಷಧಿ ತಗೊಳ್ಳುವವರು ಡಾಕ್ಟರನ್ನೇ ಕೇಳಬೇಕು. ನರ್ಸ್ ಹೇಳಿದರು ಅಂತ ಗುಳಿಗೆ ಹೆಚ್ಚುಕಡಿಮೆ ಮಾಡಿಕೊಂಡು ನನ್ನ ಪರಿಚಯದವರೊಬ್ಬರು ತುಂಬ ಅನುಭವಿಸಿದ್ದಾರೆ.

ಕಾರವಾರ ಸಿಸ್ಟರ್:

ಮಾಬ್ಲಣ್ಣ, ನಿಮ್ಮ ಮಾತು ಸರಿ. ಗುಳಿಗೆ ಹೆಚ್ಚುಕಡಿಮೆ ಮಾಡೋದು, ಸ್ಟಿರಾಯ್ಡ್ ನಿಲ್ಲಿಸೋದು ಡಾಕ್ಟರ ಕೆಲಸ. ಸ್ಟಿರಾಯ್ಡ್ ಅಂತೂ ಯಾರ ಮಾತು ಕೇಳಿಯೂ ಒಮ್ಮೆಲೇ ಬಿಡಬಾರದು. ಆದರೆ ಡಾಕ್ಟರಿಗೆ ಸಿಗೋದು ಹತ್ತು ನಿಮಿಷ, ಅದೂ ಮೂರು ತಿಂಗಳಿಗೊಮ್ಮೆ. ಉಳಿದ ದಿನ ಯಾರು ನೋಡಬೇಕು?

ಗಂಟು ನೋಡೋದನ್ನೇ ತಗೊಳ್ಳಿ. 28 ಗಂಟುಗಳ ಲೆಕ್ಕ ಒಂದಿದೆ. ಎರಡು ಭುಜ, ಎರಡು ಮೊಣಕೈ, ಎರಡು ಮಣಿಕಟ್ಟು, ಎರಡು ಮೊಣಕಾಲು, ಉಳಿದ 20 ಕೈಬೆರಳಲ್ಲೇ. ನನ್ನ ಹೆಬ್ಬೆರಳ ಉಗುರು ಬೆಳ್ಳಗಾಗುವಷ್ಟು ಒತ್ತಿ, ನೋವಿದೆಯಾ ಅಂತ ಮುಖ ನೋಡುತ್ತೇನೆ. ತುಂಬ ಜನ ಬಾಯಲ್ಲಿ "ಇಲ್ಲ" ಅಂತಾರೆ, ಹುಬ್ಬು ಮಾತ್ರ ಗಂಟಿಕ್ಕಿರುತ್ತದೆ. ಊದಿದ್ದೆಷ್ಟು, ನೋಯೋದೆಷ್ಟು ಅಂತ ಬರೆದು ಡಾಕ್ಟರಿಗೆ ಕೊಟ್ಟರೆ ಅವರಿಗೆ ಔಷಧಿ ನಿರ್ಧಾರ ಮಾಡೋದು ಸುಲಭ. ಪಾದದ ಗಂಟು ಈ ಲೆಕ್ಕದಲ್ಲಿ ಬರೋದಿಲ್ಲ, ಹಾಗಾಗಿ ಕಾಲು ನೋವಿದ್ದರೆ ನೀವಾಗಿಯೇ ಹೇಳಬೇಕು. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರು ಇದನ್ನು ಹೇಳೋದೇ ಇಲ್ಲ.

ಯುರೋಪಿನ ಗಂಟುರೋಗ ತಜ್ಞರ ಒಕ್ಕೂಟ ಯುಲಾರ್, ಉರಿಯೂತದ ಗಂಟುರೋಗದಲ್ಲಿ ನರ್ಸ್ ಏನು ಮಾಡಬೇಕು ಅಂತಲೇ 2012ರಲ್ಲಿ ಶಿಫಾರಸು ಪ್ರಕಟಿಸಿತು, ಆಮೇಲೆ ಪರಿಷ್ಕರಿಸಿ 8 ಅಂಶ ಮಾಡಿದರು. ರೋಗಿಗೆ ತಿಳಿಸಿ ಹೇಳೋದು, ಬೇಕಾದಾಗ ಫೋನಿಗೆ ಸಿಗೋದು, ಮನಸ್ಸಿನ ಸಂಕಟ ಕೇಳೋದು, ಎಲ್ಲ ಅದರಲ್ಲಿದೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಇದಕ್ಕೇ ಅಂತ ನರ್ಸ್‌ಗಳ ಫೋನ್ ಲೈನ್ ಇರುತ್ತದೆ. ನಾನು ಕೆಲಸ ಮಾಡಿದ ಕಡೆ ಅಂಥದ್ದು ಇರಲಿಲ್ಲ. ನನ್ನ ಸ್ವಂತ ನಂಬರನ್ನೇ ಕೊಡುತ್ತಿದ್ದೆ, ಈಗಲೂ ಕೊಡುತ್ತೇನೆ.

ಕುಮಟಾ ಬಸ್‌ಸ್ಟ್ಯಾಂಡ್:

ನನಗೆ ಬೆನ್ನುಮೂಳೆಯ ಗಂಟು ಉರಿಯೂತ, ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ಉರಿಯೂತ ತಡೆಯುವ ಬಯಲಾಜಿಕ್ ಅನ್ನೋ ಇಂಜೆಕ್ಷನ್ ತಗೊಳ್ತಿದ್ದೇನೆ. ಅದನ್ನು ಶುರು ಮಾಡುವ ಮೊದಲು ಟಿಬಿ ಇದೆಯಾ ಅಂತ ಪರೀಕ್ಷೆ ಮಾಡಲೇಬೇಕು. ಎಕ್ಸ್‌ರೇ ಆಯ್ತಾ, ಚರ್ಮದ ಪರೀಕ್ಷೆ ಆಯ್ತಾ ಅಂತ ನನ್ನ ಫೈಲ್ ತಿರುವಿ ನೋಡಿ ಮತ್ತೆ ಮತ್ತೆ ಕೇಳಿದ್ದು ನರ್ಸ್.

ಮೊದಲ ಸಲ ಇಂಜೆಕ್ಷನ್ ತರುವಾಗ ನಾನೊಂದು ದೊಡ್ಡ ತಪ್ಪು ಮಾಡಿದೆ. ಮಂಗಳೂರಿಂದ ರೈಲಲ್ಲಿ ಬರೋದು, ದಾರಿಯಲ್ಲಿ ಬಿಸಿಯಾದೀತು ಅಂತ ಮೀನಿನವರ ಹತ್ರ ಥರ್ಮೋಕೋಲ್ ಪೆಟ್ಟಿಗೆ ತಗೊಂಡು, ಐಸ್ ಪುಡಿಯ ನಡುವೆಯೇ ಹುಗಿದು ತಂದೆ. ಸಿರಿಂಜ್ ಹೆಪ್ಪುಗಟ್ಟಿ ಹೋಗಿತ್ತು. ಹೆಪ್ಪುಗಟ್ಟಿದ್ದು ಕರಗಿದರೂ ಬಳಸುವಂತಿಲ್ಲ, ಸಾವಿರಗಟ್ಟಲೆ ರೂಪಾಯಿ ನೀರಲ್ಲಿ ಹೋಯ್ತು. ಆಮೇಲೆ ಸಿಸ್ಟರ್ ಕೂರಿಸಿಕೊಂಡು ಹೇಳಿಕೊಟ್ಟರು. 2ರಿಂದ 8 ಡಿಗ್ರಿಯೊಳಗೆ ಇರಬೇಕು, ಫ್ರಿಜ್ಜಿನ ಬಾಗಿಲಲ್ಲಿ ಇಡಬಾರದು, ಐಸ್ ಪ್ಯಾಕಿಗೂ ಪೆಟ್ಟಿಗೆಗೂ ನಡುವೆ ದಪ್ಪ ಟವಲ್ ಇರಬೇಕು. ಚುಚ್ಚುವ ಅರ್ಧ ತಾಸು ಮೊದಲು ಹೊರಗಿಡಬೇಕು, ಇಲ್ಲದಿದ್ದರೆ ಉರಿ ಜಾಸ್ತಿ. ಒಮ್ಮೆ ತೊಡೆ, ಇನ್ನೊಮ್ಮೆ ಹೊಟ್ಟೆ, ಒಂದೇ ಜಾಗಕ್ಕೆ ಬೇಡ. ಮಳೆಗಾಲದಲ್ಲಿ ಕರೆಂಟ್ ಹೋದರೆ ಎಷ್ಟು ದಿನ ಹೊರಗೆ ತಡೆಯುತ್ತದೆ ಅನ್ನೋದು ಒಂದೊಂದು ಔಷಧಿಗೆ ಒಂದೊಂದು ಲೆಕ್ಕ, ಅದನ್ನು ಮೊದಲೇ ಕೇಳಿ ಡಬ್ಬಿಯ ಮೇಲೆ ಬರೆದಿಟ್ಟಿದ್ದೇನೆ. ಈಗ ನಾನೇ ಚುಚ್ಚಿಕೊಳ್ಳುತ್ತೇನೆ. ಮೊದಲ ಮೂರು ಸಲ ಅವರು ಪಕ್ಕದಲ್ಲಿ ಕೂತಿದ್ದರು, ಕೈ ಮುಟ್ಟಲಿಲ್ಲ, ನೋಡುತ್ತಾ ಕೂತಿದ್ದರು ಅಷ್ಟೇ. ಅದೇ ದೊಡ್ಡ ಧೈರ್ಯ.

ಹೊನ್ನಾವರದ ಟೀಚರ್:

ನನಗೆ ಈ ರೋಗ ಬಂದಾಗ 27. ಮದುವೆ ಗೊತ್ತಾಗಿತ್ತು. ಕೈ ಊದಿದ್ದು ಕಾಣಬಾರದು ಅಂತ ಸೆರಗಿನೊಳಗೆ ಮುಚ್ಚಿಕೊಂಡು ಓಡಾಡುತ್ತಿದ್ದೆ. ಡಾಕ್ಟರ ಕೋಣೆಯಲ್ಲಿ ಅಪ್ಪನೂ ಇದ್ದರು, ಏನೂ ಕೇಳಲಾಗಲಿಲ್ಲ. ಹೊರಗೆ ಬಂದ ಮೇಲೆ ಸಿಸ್ಟರ್ ರಕ್ತ ತೆಗೆಯೋ ನೆಪದಲ್ಲಿ ಒಬ್ಬಳನ್ನೇ ಕರೆದು ಕೇಳಿದರು, "ಮದುವೆ ಯಾವಾಗ? ಮಗು ಬೇಕು ಅಂತ ಯಾವಾಗ ಅಂದುಕೊಂಡಿದ್ದೀರಿ?" ಮೆಥೊಟ್ರೆಕ್ಸೇಟ್ ಇರುವಾಗ ಬಸುರಾಗಬಾರದು, ಮೊದಲೇ ಡಾಕ್ಟರಿಗೆ ಹೇಳಿ ಔಷಧಿ ಬದಲಿಸಿಕೊಳ್ಳಬೇಕು ಅಂತ ಗೊತ್ತಾಗಿದ್ದು ಅವತ್ತೇ. ಭಾವಿ ಗಂಡನಿಗೆ ಹೇಗೆ ಹೇಳೋದು ಅಂತ ಅತ್ತಿದ್ದೂ ಅವರ ಮುಂದೆಯೇ. ಅವರ ಹಿಂದೆ ಇನ್ನೂ ಹತ್ತು ಜನ ಕಾಯುತ್ತಿದ್ದರು. ಆದರೂ ಅವರು ಏಳಲಿಲ್ಲ.

ಮಗಳಿಗೆ ಈಗ ಆರು ವರ್ಷ.

ಶಿರಸಿಯವರೇ, ನಿಮ್ಮ ಆಯಿಗೆ ನೋವಿನ ಬಗ್ಗೆ ಮಾತ್ರ ಕೇಳಬೇಡಿ. ಯಾವ ಕೆಲಸ ಮಾಡಲಾಗದೆ ಬೇಜಾರಾಗಿದೆ ಅಂತ ಕೇಳಿ, ಅದನ್ನೂ ಸಿಸ್ಟರ್ ಮುಂದೆ ಹೇಳಲಿ. ನನಗೆ ಹಿಟ್ಟು ನಾದಲು ಆಗುತ್ತಿರಲಿಲ್ಲ, ಬಳೆ ಏರಿಸಲು ಆಗುತ್ತಿರಲಿಲ್ಲ. ಅಷ್ಟು ಸಣ್ಣ ವಿಷಯ ಅಂತ ಬಿಟ್ಟಿದ್ದೆ. ಸಿಸ್ಟರ್ ಅದನ್ನೂ ಬರೆದುಕೊಂಡು ಕೈ ವ್ಯಾಯಾಮ ಹೇಳಿಕೊಟ್ಟರು. ಬೆಳಿಗ್ಗೆ ಬಿಸಿನೀರಲ್ಲಿ ಹತ್ತು ನಿಮಿಷ ಕೈ ಅದ್ದಿ, ನೀರೊಳಗೇ ಮುಷ್ಟಿ ಕಟ್ಟಿ ಬಿಡೋದು. ಈಗಲೂ ಮಾಡುತ್ತೇನೆ.

ಶಿರಸಿ ತೋಟದವ:

ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ಇದನ್ನೆಲ್ಲ ಆಯಿಗೆ ಓದಿ ಹೇಳಿದೆ. ಟೀಚರಕ್ಕ ಬರೆದದ್ದು ಕೇಳಿ ಸ್ವಲ್ಪ ಹೊತ್ತು ಸುಮ್ನಿದ್ದಳು. ಆಮೇಲೆ ಹೇಳಿದಳು, ಕರುವಿಗೆ ಬಿಟ್ಟು ಹಾಲು ಕರೆಯಲು ಆಗುತ್ತಿಲ್ಲ, ಅದೇ ದೊಡ್ಡ ಬೇಜಾರು ಅಂತ. ಇಷ್ಟು ತಿಂಗಳಲ್ಲಿ ನನ್ನ ಹತ್ರ ಒಮ್ಮೆಯೂ ಹೇಳಿರಲಿಲ್ಲ.

ಇವತ್ತು ಉಪಕೇಂದ್ರಕ್ಕೆ ಹೋಗಿದ್ದೆವು. ಆಯಿಗೆ ಶುಕ್ರವಾರ ಮಾರಿಕಾಂಬಾ ದೇವಸ್ಥಾನಕ್ಕೆ ಹೋಗೋ ರೂಢಿ. ಹಾಗಾಗಿ ಗುಳಿಗೆಗೂ ಶುಕ್ರವಾರವೇ ಅಂತ ಸಿಸ್ಟರ್, ಆಯಿ ಇಬ್ಬರೂ ಸೇರಿ ಗೊತ್ತುಮಾಡಿದರು, ಡಾಕ್ಟರಿಗೂ ಫೋನಲ್ಲಿ ಕೇಳಿ ಹೂಂ ಅನ್ನಿಸಿಕೊಂಡರು. ಗೋಡೆ ಕ್ಯಾಲೆಂಡರಿನಲ್ಲಿ ಮುಂದಿನ ಮೂರು ತಿಂಗಳ ಶುಕ್ರವಾರಕ್ಕೆಲ್ಲ ಆಯಿಯೇ ಕುಂಕುಮದ ಬೊಟ್ಟು ಇಟ್ಟಿದ್ದಾಳೆ. ರಕ್ತಪರೀಕ್ಷೆ ದಿನಕ್ಕೆ ಅರಿಶಿನದ್ದು. ಉಳಿದ ದಿನ ಆ ಡಬ್ಬಿ ನನ್ನ ಕಪಾಟಿನಲ್ಲಿ ಇರುತ್ತದೆ.

ಸಿಸ್ಟರಕ್ಕಾ, ಹಾಲು ಕರೆಯೋ ವಿಷಯವನ್ನೂ ಅವರು ಬರೆದುಕೊಂಡಿದ್ದಾರೆ.