ತುರ್ತು: ಯುದ್ಧದಿಂದ ಮುಂದೆ ಆದ ಒಳ್ಳೆಯದಕ್ಕೆ ಕನ್ನಡದಲ್ಲಿ ಏನನ್ನೋಣ?

ಕುವೆಂಪುನಗರ, ಮೈಸೂರು, ಮಧ್ಯಾಹ್ನ 2.10

ಎಲ್ಲರಿಗೂ ನಮಸ್ಕಾರ. ಸಂಜೆ ಏಳರೊಳಗೆ ಫ್ಲೆಕ್ಸ್ ಅಂಗಡಿಗೆ ಮ್ಯಾಟರ್ ಕೊಡಬೇಕು, ದಯವಿಟ್ಟು ಬೇಗ ಹೇಳಿ.

ಶನಿವಾರ ನಮ್ಮ ಶಾಲೆಯಲ್ಲಿ ವಸ್ತುಪ್ರದರ್ಶನ. ಎರಡು ಮಹಾಯುದ್ಧಗಳ ಬಗ್ಗೆ ಮಕ್ಕಳು ಎರಡು ಗೋಡೆ ತುಂಬಿಸಿದ್ದಾರೆ. ಒಂದರಲ್ಲಿ ಸತ್ತವರ ಲೆಕ್ಕ. ಎದುರಿನದರಲ್ಲಿ ಯುದ್ಧ ಮುಗಿದು ಎಷ್ಟೋ ವರ್ಷ ಆದರೂ ಜನಕ್ಕೆ ಉಪಯೋಗಕ್ಕೆ ಬರುತ್ತಿರುವ ಸಂಗತಿಗಳು. ಪೆನಿಸಿಲಿನ್ ಇದೆ, ವಿಶ್ವಸಂಸ್ಥೆ ಇದೆ. 1918ರಲ್ಲಿ ಬ್ರಿಟನ್ನಿನ ಹೆಂಗಸರಿಗೆ ಸಿಕ್ಕ ಓಟು ಇದೆ (ಅದೂ 30 ದಾಟಿದವರಿಗೆ, ಆಸ್ತಿಯ ಷರತ್ತಿನ ಮೇಲೆ). 1948ರ ಜುಲೈ 5ರಂದು ಅಲ್ಲೇ ಶುರುವಾದ ಪುಕ್ಕಟೆ ಸರ್ಕಾರಿ ವೈದ್ಯ ಸೇವೆಯೂ ಇದೆ. ನಮ್ಮೂರಿನದು ಗಂಧದೆಣ್ಣೆ ಕಾರ್ಖಾನೆ.

ತೊಂದರೆ ತಲೆಬರಹದ್ದು. ಇಂಗ್ಲಿಷ್ ಕರಡಿನಲ್ಲಿ 'ಬೆನಿಫಿಶಿಯಲ್ ಲಾಂಗ್ ಟರ್ಮ್ ಕಾನ್ಸಿಕ್ವೆನ್ಸಸ್' ಅಂತಿದೆ. ನಾನು 'ದೀರ್ಘಕಾಲಿಕ ಸತ್ಪರಿಣಾಮಗಳು' ಅಂತ ಬರೆದೆ. ಹತ್ತನೇ ಕ್ಲಾಸಿನ ಹುಡುಗ ಓದಿ, "ಮಿಸ್, ಸತ್ತ ಪರಿಣಾಮ ಅಂದ್ರೇನು?" ಅಂದ. 'ಯುದ್ಧದ ಲಾಭ' ಅಂದರೆ ಕಾಳಸಂತೆಯವನ ಲಾಭ. 'ಯುದ್ಧದ ವರ' ಅಂದರೆ ಯುದ್ಧಕ್ಕೆ ಕೈಮುಗಿದ ಹಾಗೆ. ಬೋರ್ಡು ಎಂಟಡಿ ಅಗಲ. ಎರಡು ಮೂರು ಪದ ಸಾಕು.

ಸರಸ್ವತೀಪುರಂ, 2.45

'ಸತ್' ಯಾಕೆ ಬೇಕು ತಾಯೀ? ಪರಿಣಾಮ ಅಂದರೇನೇ ಒಳ್ಳೆಯದು. ವಚನಗಳನ್ನು ತೆಗೆದು ನೋಡಿ. ಅಲ್ಲಿ ಪರಿಣಾಮ ಅಂದರೆ ತೃಪ್ತಿ, ನೆಮ್ಮದಿ. ಅದನ್ನು ಕೆಡಿಸಿದವರು ಪತ್ರಿಕೆಯವರು. 'ಪರಿಣಾಮ ಬೀರಿತು', 'ಪರಿಣಾಮ ಎದುರಿಸಬೇಕಾದೀತು' ಅಂತ ಬರೆದೂ ಬರೆದೂ ನೆಮ್ಮದಿಯನ್ನು ಬೆದರಿಕೆ ಮಾಡಿಟ್ಟರು. 'ಮಹಾಯುದ್ಧಗಳ ಪರಿಣಾಮ' ಅಂತ ಹಾಕಿ. ಮುಗಿಯಿತು.

ಕುವೆಂಪುನಗರ, 2.52

ಸಾರ್, ಎದುರು ಗೋಡೆಯದೂ ಪರಿಣಾಮವೇ. ಬಂದವರಿಗೆಲ್ಲ ವಚನದ ಅರ್ಥ ಹೇಳುತ್ತಾ ನಾನು ಬೋರ್ಡಿನ ಕೆಳಗೆ ನಿಂತಿರೋಕಾಗುತ್ತಾ?

ವಿಜಯನಗರ ಎರಡನೇ ಹಂತ, 3.05

ಸಂಸ್ಕೃತದ ಮೂಟೆ ಇಳಿಸಿದರೆ ಕೆಲಸ ಹಗುರ. ಯುದ್ಧ ಬೇಡ, ಕಾಳಗ ಇದೆ. ಮಹಾ ಬೇಡ, ಹಿರಿ ಇದೆ. 'ಹಿರಿಗಾಳಗಗಳ ನೆಡುಗಾಲದ ಒಳಿತು'. ಮಕ್ಕಳಿಗೆ ಅಚ್ಚಗನ್ನಡ ಯಾವತ್ತು ಕಲಿಸುತ್ತೀರಿ?

ಸರಸ್ವತೀಪುರಂ, 3.11

ನೆಡುಗಾಲದ 'ಕಾಲ' ಯಾರ ಮನೆಯದು ಸ್ವಾಮಿ? ಕನ್ನಡ ಪದಕ್ಕೆ ಸಂಸ್ಕೃತದ್ದನ್ನು ಅಂಟಿಸಿದರೆ ಅರಿಸಮಾಸ, ವ್ಯಾಕರಣ ಒಪ್ಪಲ್ಲ. ಮುಂದಿನವರು ಬನ್ನಿ.

ಶ್ರೀರಂಗಪಟ್ಟಣ, 3.30

'ಯುದ್ಧದ ಬಳುವಳಿ' ಆಗಬಹುದಲ್ವಾ? ಹಿಂದಿನವರಿಂದ ಬಂದದ್ದು ಅನ್ನೋ ಅರ್ಥ ಎಲ್ಲರಿಗೂ ಗೊತ್ತು.

ಸರಸ್ವತೀಪುರಂ, 3.34

ಬಳುವಳಿ ಮದುವೆ ಹೆಣ್ಣಿಗೆ ತವರಿನಿಂದ ಬರೋದು. ಯುದ್ಧ ಯಾರ ತವರು?

ಮಂಡ್ಯ, 4.20

ಗದ್ದೆಯಿಂದ ಈಗ ಬಂದೆ, ತಡವಾಯ್ತು. ಮೇಡಂ, ನಮ್ಮ ಕಡೆಯ ಪದ ಕೊಡುತ್ತೀನಿ: ಕೂಳೆ.

ಕಬ್ಬು ಕಡಿದ ಮೇಲೆ ಬುಡ ನೆಲದಲ್ಲೇ ಉಳಿಯುತ್ತೆ. ಅದನ್ನು ಮಣ್ಣಿನ ಮಟ್ಟಕ್ಕೆ ಸವರಿ, ಸಾಲು ಒಡೆದು, ಗೊಬ್ಬರ ಹಾಕಿ ನೀರು ಬಿಟ್ಟರೆ ಮತ್ತೆ ಮೊಳಕೆ ಬರುತ್ತೆ. ಹೊಸದಾಗಿ ನೆಟ್ಟದ್ದು ತನಿ ಕಬ್ಬು, ಹೀಗೆ ಬಂದದ್ದು ಕೂಳೆ ಕಬ್ಬು. ಕೂಳೆ ಬರಲಿ ಅಂತ ಯಾರೂ ಕಬ್ಬು ಕಡಿಯಲ್ಲ. ಕಡಿಯೋದು ಆಲೆಮನೆಗೋ ಫ್ಯಾಕ್ಟರಿಗೋ ಸಾಗಿಸೋಕೆ. ಸವರದೆ ಸುಮ್ನೆ ಬಿಟ್ಟರೆ ಕೂಳೆ ಸರಿಯಾಗಿ ಏಳೋದೂ ಇಲ್ಲ.

ನಿಮ್ಮ ಪೆನಿಸಿಲಿನ್ನೂ ಹಾಗೇ ತಾನೆ? ಫ್ಲೆಮಿಂಗ್ ಅದನ್ನು ಕಂಡದ್ದು 1928ರಲ್ಲಿ. ಬುಡ ಆಗಲೇ ಇತ್ತು. 1941ರಲ್ಲಿ ಆಕ್ಸ್‌ಫರ್ಡಿನ ಒಬ್ಬ ಪೊಲೀಸಿಗೆ ಕೊಟ್ಟಾಗ ಔಷಧಿ ಎಷ್ಟು ಕಮ್ಮಿ ಇತ್ತು ಅಂದರೆ, ಅವನ ಮೂತ್ರದಿಂದಲೇ ಮತ್ತೆ ತೆಗೆದು ಚುಚ್ಚಿದರು. ಚೇತರಿಸಿಕೊಳ್ಳುತ್ತಿದ್ದ, ಅಷ್ಟರಲ್ಲಿ ಔಷಧಿ ಮುಗಿದು ಸತ್ತ. 1944ರ ಜೂನ್‌ನಲ್ಲಿ ನಾರ್ಮಂಡಿಗೆ ಇಳಿದ ಸೈನ್ಯಕ್ಕೆ ಬೇಕಾದಷ್ಟು ತಯಾರಾಗಿತ್ತು. ಯುದ್ಧ ಕೊಟ್ಟದ್ದು ದುಡ್ಡು ಮತ್ತು ಅವಸರ, ಅಷ್ಟೇ. 'ಮಹಾಯುದ್ಧಗಳ ಕೂಳೆ ಬೆಳೆ' ಅಂತ ಬರೆಯಿರಿ.

ಅಶೋಕಪುರಂ, 4.41

ಕೂಳೆ ಸರಿ ಅನಿಸುತ್ತೆ. ಗಂಧದೆಣ್ಣೆಗೂ ಒಪ್ಪುತ್ತೆ. 1914ರ ತನಕ ನಮ್ಮ ಗಂಧದ ಕೊರಡು ಹಡಗು ಹತ್ತಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ಇಳಿಸುವವರು ಅವರು. ಯುದ್ಧ ಬಂತು, ಕೊಳ್ಳುವವರು ಇಲ್ಲವಾದರು, ಇಲ್ಲಿ ಕೊರಡು ರಾಶಿ ಬಿತ್ತು. ಆಗ ವಿಶ್ವೇಶ್ವರಯ್ಯ ದಿವಾನರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನವರು (ಭಾರತೀಯ ವಿಜ್ಞಾನ ಸಂಸ್ಥೆ) ಎಣ್ಣೆ ತೆಗೆದು ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1917ರಲ್ಲಿ ಮೈಸೂರಿಗೂ ಕಾರ್ಖಾನೆ ಬಂತು. ಚಿಕ್ಕವನಿದ್ದಾಗ ಮಾನಂದವಾಡಿ ರಸ್ತೆಯಲ್ಲಿ ಸೈಕಲ್ ತುಳಿಯುವಾಗ ಗಾಳಿ ಈ ಕಡೆ ತಿರುಗಿದರೆ ಕಣ್ಣು ಮುಚ್ಚಿಕೊಂಡೂ ಎಲ್ಲಿದ್ದೀನಿ ಅಂತ ಹೇಳುತ್ತಿದ್ದೆ. ಇದೆಲ್ಲ ಜರ್ಮನಿಯವನು ಕೊರಡು ಕೊಳ್ಳೋದು ನಿಂತದ್ದಕ್ಕೆ!

ಕೃಷ್ಣಮೂರ್ತಿಪುರಂ, 4.58

ಪದ ಹುಡುಕುವ ಹುಮ್ಮಸ್ಸಿನಲ್ಲಿ ಒಂದು ಮರೆಯುತ್ತಿದ್ದೀರಿ. 1943ರಲ್ಲಿ ಬಂಗಾಳದಲ್ಲಿ ಸುಮಾರು 30 ಲಕ್ಷ ಜನ ಅನ್ನವಿಲ್ಲದೆ, ರೋಗ ಬಂದು ಸತ್ತರು. ಅದೂ ಯುದ್ಧಕಾಲವೇ. ಅವರ ಹೊಲದಲ್ಲಿ ಯಾವ ಕೂಳೆ ಬಂತು?

ಮಂಡ್ಯ, 5.02

ಅದು ಎದುರು ಗೋಡೆಯಲ್ಲಿದೆ ಸಾರ್. ಪದ ಕೇಳಿದ್ದು ಈ ಗೋಡೆಗೆ.

ಸರಸ್ವತೀಪುರಂ, 5.10

'ಯುದ್ಧಗೂಳೆ' ಅಂತ ಸೇರಿಸಿದರೆ ಮತ್ತೆ ಅರಿಸಮಾಸ. ಎಚ್ಚರ.

ಮಂಡ್ಯ, 5.13

ಸೇರಿಸಿದವರು ಯಾರು? 'ಯುದ್ಧಗಳ' ಅಂತ ಷಷ್ಠಿ ಹಾಕಿದ್ದೀನಿ. ಕನ್ನಡಕ ಹಾಕಿಕೊಂಡು ಓದಿ.

ವಿಜಯನಗರ ಎರಡನೇ ಹಂತ, 5.20

ಕೂಳೆ ಒಪ್ಪಿದೆ, ಅಚ್ಚಗನ್ನಡ. ಅದರ ಪಕ್ಕ 'ಮಹಾಯುದ್ಧ' ಕೂತಿರೋದು ಮಾತ್ರ ಕಣ್ಣಿಗೆ ಚುಚ್ಚುತ್ತೆ.

ಅಶೋಕಪುರಂ, 5.31

ಜೀಪು ಚುಚ್ಚುವುದಿಲ್ಲವಾ? ಅದೂ ಎರಡನೇ ಮಹಾಯುದ್ಧದ ಸೈನ್ಯಕ್ಕೆ ಅಂತ ಮಾಡಿದ ಗಾಡಿ. ಹಳ್ಳಿ ಹಳ್ಳಿಗೆ ಬಂದು ಜೀಪಾಗಿಯೇ ಕೂತಿದೆ. ಅದಕ್ಕೊಂದು ಅಚ್ಚಗನ್ನಡ ಕೊಡಿ ಅಂತ ಯಾರೂ ಕೇಳಲಿಲ್ಲ. ಕಾಳಸಂತೆಯಂತೂ ಇಂಗ್ಲಿಷಿನವರ ಮಾತಿಗೆ ಕನ್ನಡದ ಅಂಗಿ ತೊಡಿಸಿದ್ದು. ಅದನ್ನು ನೀವೂ ದಿನಾ ಬಳಸುತ್ತೀರಿ.

ವಿಜಯನಗರ ಎರಡನೇ ಹಂತ, 5.36

ರೇಷನ್ನಿಗೆ 'ಪಡಿತರ' ಇಲ್ಲವೇ? ದೇವಸ್ಥಾನದ ಪಡಿತರ ಅಂತ ಮೊದಲಿನಿಂದ ಇದ್ದ ಪದ. ಮನಸ್ಸು ಮಾಡಿದರೆ ಸಿಗುತ್ತೆ.

ಅಶೋಕಪುರಂ, 5.40

ಚೀಟಿ ಮೇಲೆ ಪಡಿತರ. ಕ್ಯೂನಲ್ಲಿ ನಿಂತವರ ಬಾಯಲ್ಲಿ ರೇಷನ್. ನಿಮ್ಮ ಮನೆಯಲ್ಲಿ ಏನಂತೀರಿ, ಎದೆ ಮುಟ್ಟಿ ಹೇಳಿ.

ಕುವೆಂಪುನಗರ, 7.25

ಎಲ್ಲರಿಗೂ ವಂದನೆ, ಮಂಡ್ಯದ ಅಣ್ಣನಿಗೆ ಜಾಸ್ತಿ. 'ಮಹಾಯುದ್ಧಗಳ ಕೂಳೆ ಬೆಳೆ' ಅಂತ ಕೊಟ್ಟೆ. ಮೈಸೂರಿನ ಮಕ್ಕಳಿಗೆ ತಿಳಿಯಲಿ ಅಂತ ಕೆಳಗೆ ಸಣ್ಣಕ್ಷರದಲ್ಲಿ 'ಕಡಿದ ಬುಡದಲ್ಲಿ ಮತ್ತೆ ಚಿಗುರಿದ್ದು' ಅಂತ ಸೇರಿಸಿದ್ದೀನಿ. ಅಂಗಡಿ ಹುಡುಗ ವಾಟ್ಸಾಪಿನಲ್ಲಿ ನಮೂನೆ ಕಳಿಸಿದ. ಎಂಟಡಿ ಉದ್ದಕ್ಕೆ, ಕೆಂಪಕ್ಷರದಲ್ಲಿ: 'ಮಹಾಯುದ್ಧಗಳ ಕೊಳೆ ಬೆಳೆ'.

ಕೃಷ್ಣಮೂರ್ತಿಪುರಂ, 7.28

ತಿದ್ದಬೇಡಿ. ಇಷ್ಟು ಹೊತ್ತಿನಲ್ಲಿ ಸರಿಯಾದ ಪದ ಇದೊಂದೇ.

ಕುವೆಂಪುನಗರ, 7.40

ತಿದ್ದಿಸಿದೆ, ಪ್ರಿಂಟಿಗೆ ಹೋಯಿತು. ಎದುರು ಗೋಡೆಗೆ 'ಸಾವುನೋವು' ಅಂತ ಹಾಕಿದ್ದೀನಿ. ಅದಕ್ಕೆ ಯಾರೂ ಸಲಹೆ ಕೊಡಬೇಡಿ.