ಪದಚರ್ಚೆ: ‘ಬೀಫ್ ಟ್ರಸ್ಟ್’, ‘ಬಾಯ್ಕಾಟ್’ (ತುರ್ತು)

ಪ್ರಶ್ನೆ, ಬೆಂಗಳೂರಿನಿಂದ:
ಮಹಿಳಾ ಹೋರಾಟಗಳ ಪ್ರದರ್ಶನದ ಫಲಕವೊಂದು ನಾಳೆ ಸಂಜೆ ಮುದ್ರಣಕ್ಕೆ ಹೋಗಬೇಕು. 1902ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್‌ನಲ್ಲಿ ಕೋಶರ್ (ಯಹೂದಿ ಧರ್ಮನಿಯಮಕ್ಕೆ ಒಪ್ಪುವ) ಮಾಂಸದ ಬೆಲೆ ಪೌಂಡಿಗೆ 12 ಸೆಂಟಿನಿಂದ 18ಕ್ಕೆ ಏರಿದಾಗ ಯಹೂದಿ ಗೃಹಿಣಿಯರು ಕೊಳ್ಳುವುದನ್ನು ನಿಲ್ಲಿಸಿ ಬೀದಿಗಿಳಿದರು. ಅವರ ಸಂಘದ ಹೆಸರು ‘ಲೇಡೀಸ್ ಆಂಟಿ-ಬೀಫ್ ಟ್ರಸ್ಟ್ ಅಸೋಸಿಯೇಶನ್’. ನನ್ನ ಕೈಗೆ ಬಂದ ಕರಡಿನಲ್ಲಿ ಇದು ‘ಗೋಮಾಂಸ ವಿರೋಧಿ ಮಹಿಳಾ ಟ್ರಸ್ಟ್’ ಆಗಿದೆ! ಮಾಂಸ ಅಗ್ಗವಾಗಲಿ ಎಂದು ಜೈಲಿಗೆ ಹೋದವರಿಗೆ ಈ ಪಟ್ಟ. ಇನ್ನು ಬಾಯ್ಕಾಟ್‌ಗೆ ‘ಯಹೂದಿ ಕಟುಕರಿಗೆ ಬಹಿಷ್ಕಾರ’ ಎಂದರೆ ಊರಿನವರು ನೀರು, ಬೆಂಕಿ ನಿಲ್ಲಿಸಿದಂತೆ ಕೇಳಿಸುತ್ತದೆ. ಎರಡಕ್ಕೂ ಪದ ಬೇಕು.

ಧಾರವಾಡದಿಂದ:
ಆ ಟ್ರಸ್ಟ್ ಧರ್ಮದತ್ತಿಯಲ್ಲ, ಬೆಲೆಯನ್ನು ತಮ್ಮೊಳಗೇ ಗೊತ್ತುಮಾಡಿಕೊಂಡ ದೊಡ್ಡ ಮಾಂಸ ಕಂಪನಿಗಳ ಕೂಟ. ‘ಮಾಂಸ ಕಂಪನಿಕೂಟ ವಿರೋಧಿ ಮಹಿಳಾ ಸಂಘ’ ಎನ್ನಿ. ಬಹಿಷ್ಕಾರಕ್ಕೆ ನೀವು ಹೆದರುವುದು ಅನಗತ್ಯ. 1880ರಲ್ಲಿ ಐರ್ಲೆಂಡಿನ ಮೇಯೋ ಜಿಲ್ಲೆಯ ಜನ ಕ್ಯಾಪ್ಟನ್ ಬಾಯ್ಕಾಟ್ ಎಂಬ ಜಮೀನು ಏಜೆಂಟನ ಪೈರು ಕೊಯ್ಯಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ. ಅಪ್ಪಟ ಊರ ಬಹಿಷ್ಕಾರ. ‘ಬಾಯ್ಕಾಟ್’ ಪದ ಹುಟ್ಟಿದ್ದು ಅವನ ಹೆಸರಿನಿಂದ, ಮೂಲಾರ್ಥವೇ ಅದು.

ಶಿವಮೊಗ್ಗದಿಂದ:
ಸಂಸ್ಕೃತದ ಊರುಗೋಲು ಇನ್ನೆಷ್ಟು ದಿನ? ಕೊಳ್ + ತೊರೆ = ‘ಕೊಳ್ದೊರೆ’. ಕೊಳ್ಳುವುದನ್ನು ತೊರೆಯುವುದು. ಕನ್ನಡದ ಬೇರಿನಿಂದಲೇ ಕಟ್ಟಬಹುದು, ಮನಸ್ಸು ಬೇಕು.

ಧಾರವಾಡದಿಂದ:
ಯಾವ ದೊರೆ ಎಂದು ಐದು ನಿಮಿಷ ಯೋಚಿಸಿದೆ. ಫಲಕದ ಮುಂದೆ ನಿಂತವರಿಗೆ ಸಂಧಿ ಬಿಡಿಸಿಕೊಡಲು ಒಬ್ಬರನ್ನು ನೇಮಿಸಬೇಕಾದೀತು.

ಮೈಸೂರಿನಿಂದ:
ದೊರೆಗಳ ಜಗಳ ಒತ್ತಟ್ಟಿಗಿರಲಿ, ‘ಕೋಶರ್’ ಹಾಗೆಯೇ ಉಳಿಯಿತಲ್ಲ? ಹೀಬ್ರೂ ಮೂಲದಲ್ಲಿ ‘ತಕ್ಕದ್ದು’ ಎಂದರ್ಥ. ‘ಮಡಿ ಮಾಂಸ’ ಎನ್ನಬಹುದೇ?

ಕಲಬುರಗಿಯಿಂದ:
ಮೇಷ್ಟ್ರೇ, ಮಡಿ ಉಟ್ಟವರು ಮಾಂಸದ ಹತ್ತಿರ ಸುಳಿಯುವುದಿಲ್ಲ, ಮಾಂಸ ತಿನ್ನುವವರನ್ನು ಮಡಿಯವರು ಹತ್ತಿರ ಸೇರಿಸುವುದಿಲ್ಲ. ಆ ಎರಡು ಪದಗಳು ಕನ್ನಡದಲ್ಲಿ ಒಂದು ಪಂಕ್ತಿಯಲ್ಲಿ ಕೂತ ನಿದರ್ಶನವಿಲ್ಲ. ಹಲಾಲ್ ಹಲಾಲಾಗಿಯೇ ಬಂದಿತು, ಕೋಶರ್ ಕೂಡ ಬರಲಿ.

ಬಾಯ್ಕಾಟ್ ವಿಚಾರ. ಕೊಳ್ಳದೆ ಮನೆಯಲ್ಲಿ ಕೂತ ಹೆಂಗಸರಲ್ಲ ಇವರು. ಅಂಗಡಿಗೆ ನುಗ್ಗಿ ಮಾಂಸವನ್ನು ಬೀದಿಗೆಸೆದರು, ಸೀಮೆಎಣ್ಣೆ ಸುರಿದರು. ಕದಿಯಲಿಲ್ಲ, ತಿನ್ನಲಾಗದಂತೆ ಮಾಡಿದರು. ಶನಿವಾರ ಸಿನಗಾಗ್‌ನಲ್ಲಿ (ಯಹೂದಿ ಪ್ರಾರ್ಥನಾಮಂದಿರ) ಧರ್ಮಗ್ರಂಥವಾದ ತೋರಾ ಓದುತ್ತಿದ್ದಾಗ ಎದ್ದುನಿಂತು ಓದು ನಿಲ್ಲಿಸಿದರು. ಅನ್ಯಾಯವಾದವರು ಹಾಗೆ ಓದು ತಡೆದು ದೂರು ಹೇಳುವ ಹಳೆಯ ಪದ್ಧತಿಯೊಂದು ಅಲ್ಲಿತ್ತು, ಅದನ್ನು ಹೆಂಗಸರು ಕೈಗೆತ್ತಿಕೊಂಡರು. ತಮ್ಮನ್ನು ಮುಷ್ಕರನಿರತರೆಂದೂ ಮಾಂಸ ಕೊಂಡವರನ್ನು ಮುಷ್ಕರ ಮುರಿದವರೆಂದೂ ಕರೆದರು. ಅವರ ಪದವನ್ನೇ ತೆಗೆದುಕೊಳ್ಳಿ: ‘ಮಾಂಸ ಮುಷ್ಕರ’.

ಶಿವಮೊಗ್ಗದಿಂದ:
ಮುಷ್ಕರ ಕಾರ್ಮಿಕರದ್ದು. ತೆಲುಗು ಪತ್ರಿಕೆಗಳಲ್ಲಂತೂ ಮುಷ್ಕರರು ಎಂದರೆ ಭಯೋತ್ಪಾದಕರು. ಎರವಲಿನ ಗತಿ ಇದೇ.

ಕಲಬುರಗಿಯಿಂದ:
ಫಲಕ ತೆಲುಗಿನಲ್ಲಿಲ್ಲ. ಹೊಲಿಗೆ ಕಾರ್ಖಾನೆಗಳ ಬೀದಿಯಲ್ಲಿ ಬದುಕಿದವರು ಅಡುಗೆಮನೆಯ ಜಗಳಕ್ಕೆ ಕಾರ್ಖಾನೆಯ ಪದ ತಂದರು, ಸ್ವಾರಸ್ಯವೇ ಅಲ್ಲಿದೆ. ಆ ಪದವೂ ಅವರ ಮನೆಮಾತಾದ ಯಿಡ್ಡಿಷ್‌ಗೆ ಎರವಲೇ. ‘ಸ್ಟ್ರೈಕ್’ ಎಂದು ಇಂಗ್ಲಿಷ್ ಮೂಲದಿಂದ ಬಂದದ್ದು. ಅವರ ನುಡಿ ಕೆಟ್ಟಿತೇ?

ಶಿವಮೊಗ್ಗದಿಂದ:
ಕನ್ನಡಕ್ಕೆ ಯಿಡ್ಡಿಷ್ ಮಾದರಿಯಾಗಬೇಕಾದ ದಿನ ಬಂದಿತಲ್ಲ. ನಾನು ಈ ಎಳೆಯಿಂದ ಹೊರಗೆ.

ಮೈಸೂರಿನಿಂದ:
ಮಡಿ ಹಿಂತೆಗೆದುಕೊಂಡಿದ್ದೇನೆ. ಆದರೆ ‘ತಕ್ಕ ಮಾಂಸ’?

ಬೆಂಗಳೂರಿನಿಂದ:
ರಾಯರೇ, ಬೇಡ. ‘ಕೋಶರ್ ಮಾಂಸ ಮುಷ್ಕರ, 1902’ ಎಂದು ಕಳುಹಿಸಿದ್ದೇನೆ. ಕೆಳಗಿನ ಸಾಲು: ‘ಜೂನ್ ಹೊತ್ತಿಗೆ ಬೆಲೆ 14 ಸೆಂಟಿಗೆ ಇಳಿಯಿತು.’ ವಿನ್ಯಾಸಕರು ‘ಇಳಿಯಿತು’ವಿಗೆ ಜಾಗವಿಲ್ಲ, ‘ಇಳಿತ’ ಸಾಕೇ ಎನ್ನುತ್ತಿದ್ದಾರೆ. ದಯವಿಟ್ಟು ಇದನ್ನು ಯಾರೂ ಚರ್ಚಿಸಬೇಡಿ.