ಹಳೆಯ ಫೋಟೊಗಳ ಸ್ಕ್ಯಾನಿಂಗ್: ಎಷ್ಟು ಡಿಪಿಐ, ಎಷ್ಟು ಎಂಬಿ?

ಪ್ರಶ್ನೆ: ನಮ್ಮ ಮನೆಯ ಆಲ್ಬಮ್‌ಗಳಲ್ಲಿ ಸುಮಾರು 400 ಫೋಟೊಗಳಿವೆ. ಹೆಚ್ಚಿನವು 4×6 ಇಂಚಿನವು, ಕೆಲವು ಪಾಸ್‌ಪೋರ್ಟ್ ಅಳತೆಯವು. ಸ್ಕ್ಯಾನರ್‌ನಲ್ಲಿ 75ರಿಂದ 1200 ಡಿಪಿಐವರೆಗೆ (ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಅಳತೆ) ಆಯ್ಕೆಗಳಿವೆ. ಯಾವುದನ್ನು ಇಟ್ಟುಕೊಳ್ಳಬೇಕು, ಎಷ್ಟು ಜಾಗ ಬೇಕಾದೀತು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ಈ ಲೆಕ್ಕವನ್ನು ನೀವೇ ಮಾಡಬಹುದು. ಫೋಟೊದ ಉದ್ದ, ಅಗಲಗಳನ್ನು ಇಂಚಿನಲ್ಲಿ ಅಳೆದು ಎರಡನ್ನೂ ಡಿಪಿಐ ಸಂಖ್ಯೆಯಿಂದ ಗುಣಿಸಿದರೆ ಎರಡೂ ದಿಕ್ಕಿನ ಚುಕ್ಕೆಗಳು, ಅಂದರೆ ಪಿಕ್ಸೆಲ್‌ಗಳು ಸಿಗುತ್ತವೆ. ಬಣ್ಣದ ಚಿತ್ರದ ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿಗೆ ತಲಾ ಒಂದರಂತೆ 3 ಬೈಟ್ ಬೇಕು. 600 ಡಿಪಿಐಯಲ್ಲಿ 4×6 ಫೋಟೊ 2400×3600, ಅಂದರೆ 86.4 ಲಕ್ಷ ಪಿಕ್ಸೆಲ್ ಆಗುತ್ತದೆ. 3ರಿಂದ ಗುಣಿಸಿದರೆ ಸುಮಾರು 26 ಎಂಬಿ. ಡಿಪಿಐ ಎರಡು ಪಟ್ಟಾದರೆ ಗಾತ್ರ ನಾಲ್ಕು ಪಟ್ಟಾಗುವುದರಿಂದ 1200ರಲ್ಲಿ ಅದೇ ಫೋಟೊ 104 ಎಂಬಿ ಆಗುತ್ತದೆ. 400 ಫೋಟೊಗಳೂ 4×6 ಎಂದೇ ಹಿಡಿದರೆ 300ರಲ್ಲಿ 2.6 ಜಿಬಿ, 600ರಲ್ಲಿ 10.4 ಜಿಬಿ, 1200ರಲ್ಲಿ 41 ಜಿಬಿಗೂ ಹೆಚ್ಚು ಜಾಗ ಬೇಕು.

ನನ್ನ ಸಲಹೆ: 4×6ಕ್ಕೆ 600, ಪಾಸ್‌ಪೋರ್ಟ್ ಅಳತೆಗೆ 1200. ನಾನು ಮೊದಲು ಎಲ್ಲವನ್ನೂ 300ರಲ್ಲೇ ಮುಗಿಸಿದ್ದೆ. ಆಮೇಲೆ ಅಜ್ಜಿಯ ಒಂದೇ ಒಂದು ಪಾಸ್‌ಪೋರ್ಟ್ ಫೋಟೊವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸೋಣವೆಂದು ತಂಗಿ ಕೇಳಿದಾಗ, 35×45 ಮಿ.ಮೀ. ಚಿತ್ರ ಬರೀ 413×531 ಪಿಕ್ಸೆಲ್ ಇರುವುದು ಗೊತ್ತಾಗಿ ಮನಸ್ಸಿಗೆ ಬಹಳ ಬೇಸರವಾಯಿತು. ಅಜ್ಜಿಯ ಮೂಗುಬೊಟ್ಟು ಅದರಲ್ಲಿ ಒಂದು ಮಸುಕು ಚುಕ್ಕೆಯಷ್ಟೇ ಆಗಿತ್ತು. ಮತ್ತೆ 1200ರಲ್ಲಿ ತೆಗೆದಾಗ 1654×2126 ಸಿಕ್ಕಿತು. 300 ಡಿಪಿಐಯಲ್ಲಿ ಮುದ್ರಿಸಿದರೆ ಸುಮಾರು 5.5×7 ಇಂಚು. ಮೂಗುಬೊಟ್ಟಿನ ಅಂಚೂ ತಿಳಿಯಾಗಿ ಕಂಡಿತು. ಆದರೆ 2400ಕ್ಕೆ ಏರಿಸಿದಾಗ ಕಾಗದದ ಒರಟುತನವೇ ದೊಡ್ಡದಾಗಿ ಕಾಣಿಸಿತೇ ಹೊರತು ಮುಖದಲ್ಲಿ ಹೊಸದೇನೂ ಸಿಗಲಿಲ್ಲ. ಪ್ರಿಂಟಿನಲ್ಲಿ ಇಲ್ಲದ ವಿವರವನ್ನು ಸ್ಕ್ಯಾನರ್ ತರಲಾರದು.

ಉತ್ತರ 2: ಮೇಲಿನ ಲೆಕ್ಕ ಚಿತ್ರದ ಮಾಹಿತಿಯನ್ನು ಕುಗ್ಗಿಸದೆ ಉಳಿಸಿದ ಟಿಫ್ ಫೈಲಿಗೆ ಸರಿ. ಕುಗ್ಗಿಸಿ ಉಳಿಸುವ ಜೆಪೆಗ್‌ನಲ್ಲಿ ಗಾತ್ರ ಬಹಳ ಕಡಿಮೆಯಾಗುತ್ತದೆ, ಆದರೆ ತಿದ್ದಿ ಉಳಿಸಿದಾಗಲೆಲ್ಲ ಗುಣಮಟ್ಟ ಸ್ವಲ್ಪ ಸ್ವಲ್ಪವೇ ಕುಂದುತ್ತದೆ. ಆದ್ದರಿಂದ ನಾನು ಟಿಫ್ ಅನ್ನು ಮೂಲಪ್ರತಿಯಾಗಿ ಇಟ್ಟು, ಬಂಧುಗಳಿಗೆ ಕಳಿಸಲು ಮಾತ್ರ ಜೆಪೆಗ್ ಮಾಡುತ್ತೇನೆ. ಬಣ್ಣ ಕೆಂಪಿಗೆ ತಿರುಗಿದ ಹಳೆಯ ಫೋಟೊಗಳನ್ನು 48 ಬಿಟ್‌ನಲ್ಲಿ (ಪ್ರತಿ ಪಿಕ್ಸೆಲ್‌ಗೆ 3ರ ಬದಲು 6 ಬೈಟ್) ತೆಗೆದರೆ ತಿದ್ದುವಾಗ ಅನುಕೂಲ, ಆದರೆ ಗಾತ್ರ ಎರಡು ಪಟ್ಟಾಗುತ್ತದೆ. ಕಪ್ಪು-ಬಿಳುಪು ಚಿತ್ರಗಳನ್ನು ಗ್ರೇಸ್ಕೇಲ್‌ನಲ್ಲಿ (ಬೂದು ಛಾಯೆಗಳಲ್ಲಿ ಮಾತ್ರ, ಪಿಕ್ಸೆಲ್‌ಗೆ 1 ಬೈಟ್) ತೆಗೆದರೆ ಗಾತ್ರ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದರೂ ಅವುಗಳ ಕಂದು ಛಾಯೆ ನನಗೆ ಬೇಕೆನಿಸಿದ್ದರಿಂದ ಬಣ್ಣದಲ್ಲೇ ತೆಗೆದೆ.

ಉತ್ತರ 3: ಎಲ್ಲಕ್ಕಿಂತ ಮೊದಲು ಗಾಜನ್ನು ಒರೆಸಿಕೊಳ್ಳಿ, ಏಕೆಂದರೆ 600ರಲ್ಲಿ ಒಂದು ಧೂಳಿನ ಕಣವೂ ಕೆನ್ನೆಯ ಮೇಲಿನ ಮಚ್ಚೆಯಂತೆ ಕಾಣುತ್ತದೆ. ಫೋಟೊವನ್ನು ಪ್ಲಾಸ್ಟಿಕ್ ಹಾಳೆಯಿಂದ ಹೊರತೆಗೆದೇ ಸ್ಕ್ಯಾನ್ ಮಾಡಿ. ಆಲ್ಬಮ್ಮಿನ ಅಂಟಿಗೆ ಕಚ್ಚಿಕೊಂಡಿದ್ದರೆ ಎಳೆಯದೆ ಪುಟದ ಸಮೇತ ಇಡಿ. ಸ್ಕ್ಯಾನರ್ 9600 ಡಿಪಿಐ ಎಂದು ಹೇಳಿಕೊಂಡರೂ ಆಪ್ಟಿಕಲ್ (ಸ್ಕ್ಯಾನರ್ ನಿಜವಾಗಿ ಕಾಣಬಲ್ಲಷ್ಟು) ಎಂದು ನಮೂದಿಸಿದ ಸಂಖ್ಯೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಅದಕ್ಕಿಂತ ಮೇಲಿನದು ಸಾಫ್ಟ್‌ವೇರ್ ತುಂಬಿಸುವ ಪಿಕ್ಸೆಲ್‌ಗಳು, ಅವುಗಳಿಂದ ಫೈಲು ಹಿಗ್ಗುತ್ತದೆ ಅಷ್ಟೇ.